ರೋಗಿಯ ಒಲವು, ವೈದ್ಯನ ಹೊಣೆ

ಪಾಳೆಯಗಾರರ ರಾಜಧಾನಿಯಾಗಿ ಮೆರೆದು, ಬಿಜಾಪುರದವರ ಕೈಸೇರಿ, ಮೊಗಲರು ಸಿರಾ ಸುಬೆಯನ್ನು ಏರ್ಪಡಿಸಿದಾಗ ಅದರ ಏಳು ಪರಗಣಗಳಲ್ಲೊಂದೆಂದು ಎಣಿಸಲ್ಪಟ್ಟ ಬಸವಾಪಟ್ಟಣದ ಚರಿತ್ರೆಯೆಂದರೆ ಕೋಟೆ ಕಾಳಗಗಳ ಚರಿತ್ರೆಯೆಂದೇ ನಮ್ಮ ಎಣಿಕೆ. ಆ ಕೋಟೆಯ ಕೆಳಗಿನ ಮನೆಗಳಲ್ಲಿ ಚಿತ್ತ ಕದಡಿದವರನ್ನು ಬಂಧುಗಳು ಎಲ್ಲಿಗೆ ಕರೆದೊಯ್ದರು, ಗುಣಹೊಂದಿದವರು ಗುಣಪಡಿಸಿದವರನ್ನು ಯಾವ ಭಾವದಿಂದ ಕಂಡರು ಎಂಬುದೂ ಚರಿತ್ರೆಯೇ ಅಲ್ಲವೆ?

ಈ ಸೀಮೆಯವರಿಗೆ ಮೊದಲ ಪ್ರಶ್ನೆಯ ಉತ್ತರವನ್ನು ಹೇಳಿಕೊಡಬೇಕಾಗಿಲ್ಲ. ಹರಿಹರ ತಾಲ್ಲೂಕಿನಲ್ಲಿ ತುಂಗಭದ್ರೆಯ ದಡದ ಮೇಲಿರುವ ಉಕ್ಕಡಗಾತ್ರಿಗೆ, ಅದರಲ್ಲಿಯೂ ಅಮಾವಾಸ್ಯೆಯ ದಿನ, ಗಾಳಿ ಸೋಕಿತೆಂದೋ ದೆವ್ವ ಹಿಡಿಯಿತೆಂದೋ ಹೇಳಲ್ಪಟ್ಟವರನ್ನು ಕರೆತಂದು, ಹೊಳೆಯಲ್ಲಿ ಮುಳುಗಿಸಿ ಎಬ್ಬಿಸಿ, ಪೀಡೆಯೊಡನೆಯೇ ಹೋಗಲೆಂದು ಉಟ್ಟ ಬಟ್ಟೆಯನ್ನು ನೀರಿಗೆ ಬಿಡಿಸಿ, ಕರಿಬಸವಜ್ಜಯ್ಯನ ಗದ್ದುಗೆಯೆದುರು ನಿಲ್ಲಿಸುವರು. ಅತ್ತೆಯ ಮುಂದಾಗಲಿ ಗಂಡನ ಮುಂದಾಗಲಿ ತುಟಿ ಬಿಚ್ಚದ ಹೆಣ್ಣುಮಗಳು ಅಲ್ಲಿ ತಲೆಗೆದರಿ ಕೂಗುವಳು, ಬೈಯುವಳು, ಬಿಕ್ಕುವಳು. ಕಡೆಗೆ ಬಳಲಿ ಕುಸಿದು, "ಅಜ್ಜಯ್ಯಾ, ನೀನೇ ನನ್ನ ಕಾಯಬೇಕು" ಎನ್ನುವಳು. ವಾಸಿಯಾದ ಮೇಲೂ ಆ ನಂಟು ಕಡಿಯದು. ವರ್ಷ ವರ್ಷವೂ ಬುತ್ತಿ ಕಟ್ಟಿಕೊಂಡು ಬರುವರು. ದೆವ್ವದ ಹೆಸರಿನಲ್ಲಿ ರೋಗಿಯನ್ನು ಹೊಡೆದು ಬಡಿಯುವುದು ಎಲ್ಲಿ ನಡೆದರೂ ನಾನು ಒಪ್ಪುವವನಲ್ಲ. ಔಷಧದಿಂದ ಗುಣವಾಗುವ ವ್ಯಾಧಿಯನ್ನು ಹರಕೆಗೆ ಬಿಟ್ಟು ಕಾಲಹರಣ ಮಾಡುವುದು ಅಪಾಯವೆಂಬುದರಲ್ಲಿಯೂ ನನಗೆ ಸಂಶಯವಿಲ್ಲ. ಆದರೆ ಒಂದು ಸಂಗತಿಯನ್ನು ಗಮನಿಸಬೇಕು: ಆಕೆಯ ಒಲವೆಲ್ಲವನ್ನೂ ಸ್ವೀಕರಿಸುವ ಅಜ್ಜಯ್ಯನು ಗದ್ದುಗೆಯಲ್ಲಿ ಐಕ್ಯನಾದವನಾದ್ದರಿಂದ, ಆ ಒಲವಿಗೆ ಬದಲಾಗಿ ಆಕೆಯಿಂದ ಏನನ್ನೂ ಬಯಸಲಾರನು.

ಬದುಕಿರುವ ವೈದ್ಯನ ವಿಷಯ ಹಾಗಲ್ಲ. ಇದನ್ನು ನಮ್ಮ ಪೂರ್ವಿಕರು ಬಲ್ಲವರಾಗಿದ್ದರು. ಮನಸ್ಸನ್ನು ಅಹಿತವಾದ ವಿಷಯಗಳಿಂದ ಹಿಂದೆಗೆಯುವ ಉಪಚಾರಕ್ಕೆ ಸತ್ತ್ವಾವಜಯವೆಂಬ ಹೆಸರಿಟ್ಟ ಚರಕಸಂಹಿತೆಯು, ಗುಣವಾಗಬಲ್ಲ ರೋಗಿಯಲ್ಲಿ ಪ್ರೀತಿಯಿರಬೇಕೆಂದು ವೈದ್ಯನಿಗೆ ವಿಧಿಸಿತು. ಅದೇ ಗ್ರಂಥವು ವಿದ್ಯಾರ್ಥಿಗೆ ದೀಕ್ಷೆ ಕೊಡುವಾಗ, ರೋಗಿಯ ಮನೆಯನ್ನು ಹೊಕ್ಕವನ ಮಾತು, ಮನಸ್ಸು, ಬುದ್ಧಿ, ಇಂದ್ರಿಯಗಳು ರೋಗಿಯ ಹಿತವನ್ನಲ್ಲದೆ ಮತ್ತೊಂದನ್ನು ಅರಸಕೂಡದೆಂದೂ, ಆ ಮನೆಯ ಗುಟ್ಟು ಹೊರಬೀಳಕೂಡದೆಂದೂ ಕಟ್ಟಪ್ಪಣೆ ಮಾಡಿತು.

ಯೂರೋಪಿನಲ್ಲಿ ಈ ವಿಚಾರ ಶಾಸ್ತ್ರದ ಬೆಳಕಿಗೆ ಬಂದುದು ವಿಯನ್ನಾ ನಗರದಲ್ಲಿ. 1880ರಿಂದ 1882ರವರೆಗೆ ಬ್ರಾಯರ್ ಎಂಬ ವೈದ್ಯನು ಬರ್ತಾ ಪಾಪೆನ್‌ಹೈಮ್ ಎಂಬ ತರುಣಿಯ ಮಾತನ್ನು ತಾಳ್ಮೆಯಿಂದ ಆಲಿಸುತ್ತ ಆಲಿಸುತ್ತ ಆಕೆಗೆ ಉಪಶಮನವನ್ನು ತಂದನು. ಮಾತಿನ ಚಿಕಿತ್ಸೆಯೆಂಬ ಹೆಸರನ್ನು ಕೊಟ್ಟವಳು ಆಕೆಯೇ. ಇಂಥ ಸನ್ನಿಧಿಯಲ್ಲಿ ಅಂಕುರಿಸುವ ಅನುರಾಗವನ್ನು ಕುರಿತು ಫ್ರಾಯ್ಡ್ 1915ರಲ್ಲಿ ಒಂದು ಪ್ರಬಂಧವನ್ನೇ ಬರೆದು, ಅದು ಚಿಕಿತ್ಸೆಯ ಸಂದರ್ಭದಿಂದಲೇ ಹುಟ್ಟುವುದಾದ್ದರಿಂದ ವೈದ್ಯನು ತನ್ನ ರೂಪಗುಣಗಳಿಗೆ ಸಂದ ಗೆಲುವೆಂದು ಬೀಗಬಾರದೆಂದೂ, ರೋಗಿಯನ್ನು ಗದರಿಸಿ ಅದನ್ನು ಅಡಗಿಸಬಾರದೆಂದೂ, ಅದಕ್ಕೆ ಒಲಿದು ತಣಿಸಲಂತೂ ಕೂಡದೆಂದೂ ತಿಳಿಸಿದನು. ಬಾಲ್ಯದಲ್ಲಿ ತಂದೆತಾಯಿಗಳ ಮೇಲಿದ್ದ ಹಂಬಲ, ಮುನಿಸು, ಭಯ ಇವೆಲ್ಲ ಈಗ ಆಲಿಸುತ್ತ ಕುಳಿತವನ ಮೇಲೆ ಮರಳಿ ಹರಿಯುವುವೆಂಬುದು ಅವನ ಮತ.

ನಮ್ಮ ನಾಡಿನಲ್ಲಿ 1847ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಹುಚ್ಚಾಸ್ಪತ್ರೆಯು 1925ರಲ್ಲಿ ಮಾನಸಿಕ ಆಸ್ಪತ್ರೆಯೆನ್ನಿಸಿಕೊಂಡಿತು. 1954ರಲ್ಲಿ ಅದರ ಮಗ್ಗುಲಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ತಲೆಯೆತ್ತಿತು. 1974ರಲ್ಲಿ ಎರಡೂ ಕೂಡಿ ನಿಮ್ಹಾನ್ಸ್ ಆಯಿತು. ಇತ್ತ ವೈದ್ಯರೂ ಸಾಹಿತಿಗಳೂ ಆಗಿದ್ದ ಎಂ. ಶಿವರಾಂ ಅವರ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದು, ಮನೋವ್ಯಾಧಿಯ ಮಾತು ಕನ್ನಡದ ಓದುಗರ ನಡುವೆ ಗೌರವದ ಸ್ಥಾನ ಪಡೆಯಿತು.

ನಮ್ಮ ರೋಗಿಯು ಒಬ್ಬನೇ ಬರುವುದು ಅಪರೂಪ. ತಾಯಿ, ಅಣ್ಣ, ಸೋದರಮಾವ ಎಲ್ಲರೂ ಬಂದು ಡಾಕ್ಟರನ್ನೂ ಮನೆಯ ಹಿರಿಯನ ಪೀಠದಲ್ಲಿ ಕೂರಿಸಿಬಿಡುವರು. ಈ ನಡವಳಿಕೆಯನ್ನು ಬಲ್ಲ ಮನೋವೈದ್ಯ ಜಸ್ವಂತ್ ಸಿಂಗ್ ನೇಕಿ 1973ರ ಲೇಖನವೊಂದರಲ್ಲಿ, ಗುರುಶಿಷ್ಯ ಸಂಬಂಧವೇ ನಮ್ಮ ಚಿಕಿತ್ಸೆಗೆ ಮಾದರಿಯಾಗಬಲ್ಲುದೆ ಎಂದು ವಿಚಾರಿಸಿದರು. ಆ ವಿಚಾರ ನನಗೆ ಬಹಳ ಪ್ರಿಯವಾದುದು. ಆದರೂ ಅದು ಅರ್ಧ ದಾರಿಯೆಂದೇ ನನ್ನ ಅಭಿಪ್ರಾಯ. ಗುರುವಿನ ಪೀಠವು ಶಿಷ್ಯನ ಪ್ರೀತಿಯನ್ನು ಕಾಯುವಂತೆಯೇ, ಪೀಠಸ್ಥನು ಕೆಟ್ಟವನಾದರೆ ಅವನ ದುರಾಚಾರವನ್ನೂ ಮರೆಮಾಡಬಲ್ಲುದು. ಅಪ್ಪನೆಂದು ಕರೆಸಿಕೊಂಡ ಮಾತ್ರಕ್ಕೆ ಯಾವನೂ ಅಪ್ಪನಾಗನು. ವೈದ್ಯನಿಗೂ ರೋಗಿಯ ಮೇಲೆ ಮಮತೆ ಹುಟ್ಟಬಹುದು, ಅದು ದೋಷವಲ್ಲ. ಅದು ಮಿತಿಮೀರಿತೆಂದು ಕಂಡಾಗ ಅವನು ತನ್ನ ಹಿರಿಯ ಸಹೋದ್ಯೋಗಿಯೊಡನೆ ಹೇಳಿಕೊಳ್ಳಬೇಕು, ಅಗತ್ಯವಾದರೆ ರೋಗಿಯನ್ನು ಮತ್ತೊಬ್ಬರಿಗೆ ಒಪ್ಪಿಸಬೇಕು. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಗಳು ರೋಗಿಯೊಡನೆ ಅನುಚಿತ ಸಂಬಂಧವನ್ನಿರಿಸಿಕೊಂಡ ವೈದ್ಯನನ್ನು ಶಿಕ್ಷಾರ್ಹನೆಂದು ಸಾರಿದುವು. 2017ರ ಮಾನಸಿಕ ಆರೋಗ್ಯ ಕಾಯಿದೆಯು ದೈಹಿಕ, ಮಾನಸಿಕ, ಲೈಂಗಿಕ ದೌರ್ಜನ್ಯಗಳಿಂದ ರಕ್ಷಣೆ ಪಡೆಯುವುದು ರೋಗಿಯ ಹಕ್ಕೆಂದು ಬರೆಯಿತು.

ಇಂದು ಬಸವಾಪಟ್ಟಣದಿಂದಲೋ ಹೊನ್ನಾಳಿಯಿಂದಲೋ ದಾವಣಗೆರೆಯ ಆಸ್ಪತ್ರೆಗೆ ಹೋಗಿಬರುವ ಓದುಗರಲ್ಲಿ ಯಾರಿಗಾದರೂ ಚಿಕಿತ್ಸಕರ ಮೇಲೆ ಇಂತಹ ಒಲವು ಮೂಡಿದ್ದರೆ, ನಾಚಿ ಚಿಕಿತ್ಸೆಯನ್ನು ನಡುವೆ ಬಿಡಬೇಡಿರಿ. ಅದನ್ನು ಅವರೊಡನೆಯೇ ಹೇಳಿರಿ. ಅವರು ಅದನ್ನು ದುರುಪಯೋಗಪಡಿಸಿಕೊಳ್ಳಲು ಬಂದರೆ, ಅಪರಾಧ ಅವರದು. ದೂರು ಕೊಡಲು ಹಿಂಜರಿಯಬೇಡಿರಿ.