ಶಾಲಾ ಹಾಜರಿ ದಾಖಲೆ: ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಸೀಮೆಯ ಚರಿತ್ರೆ

ಶಾಲೆಗೆ ಬಂದ ಮಕ್ಕಳನ್ನೂ ಬಾರದವರನ್ನೂ ಉಪಾಧ್ಯಾಯನು ದಿನದಿನವೂ ಗುರುತುಮಾಡಿಡುವ ಲೆಕ್ಕವೇ ಹಾಜರಿ ದಾಖಲೆ. ಇಂದು ವಿಜಯನಗರ ಜಿಲ್ಲೆಗೆ ಸೇರಿದ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿಗಳು ಹಿಂದೆ ಬಳ್ಳಾರಿ ಜಿಲ್ಲೆಯ ಊರುಗಳಾಗಿದ್ದುದರಿಂದ, ಈ ಲೆಕ್ಕದ ಪೂರ್ವವೃತ್ತಾಂತವನ್ನು ಆ ಜಿಲ್ಲೆಯ ಹಳೆಯ ಕಾಗದಪತ್ರಗಳಲ್ಲಿಯೇ ಅರಸಬೇಕಾಗಿದೆ.

ಮದ್ರಾಸಿನ ಗವರ್ನರನಾಗಿದ್ದ ಸರ್ ಥಾಮಸ್ ಮನ್ರೋ 1822ರಲ್ಲಿ ದೇಶೀಯ ವಿದ್ಯಾಭ್ಯಾಸದ ಸ್ಥಿತಿಗತಿಗಳನ್ನು ವಿಚಾರಿಸುವಂತೆ ಆಜ್ಞಾಪಿಸಲಾಗಿ, ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟಿನಲ್ಲಿ ಬರೆದು ಕಳುಹಿದ ವರದಿಯು, ಆಗ ಅನಂತಪುರದ ಭಾಗವನ್ನೂ ಒಳಗೊಂಡಿದ್ದ ಆ ವಿಸ್ತಾರವಾದ ಜಿಲ್ಲೆಯಲ್ಲಿ 533 ಶಾಲೆಗಳೂ 6,641 ವಿದ್ಯಾರ್ಥಿಗಳೂ ಇದ್ದರೆಂದು ತಿಳಿಸುತ್ತದೆ. ಶಾಲೆಗಳಲ್ಲಿ 235 ಕನ್ನಡದವು. ವಿದ್ಯಾರ್ಥಿಗಳಲ್ಲಿ ಹೆಣ್ಣುಮಕ್ಕಳು ಕೇವಲ 60. ಅಂಕಿಗಳಿಗಿಂತಲೂ ಸ್ವಾರಸ್ಯವಾದುದು ಅವನು ವರ್ಣಿಸಿರುವ ಪ್ರಾತಃಕಾಲದ ಪದ್ಧತಿ. ಬೆಳಗ್ಗೆ ಆರು ಗಂಟೆಗೆ ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈಯಲ್ಲಿ ಗೌರವಾರ್ಥವಾಗಿ ಸರಸ್ವತಿಯ ಹೆಸರನ್ನೂ, ಎರಡನೆಯವನು ಸ್ತುತಿಗಾಗಲಿ ನಿಂದೆಗಾಗಲಿ ಪಾತ್ರನಲ್ಲವೆಂದು ಸೂಚಿಸಲು ಅವನ ಅಂಗೈಯಲ್ಲಿ ಸೊನ್ನೆಯನ್ನೂ ಬರೆದು, ಮೂರನೆಯವನಿಗೆ ಮೆಲ್ಲನೆಯ ಒಂದೇಟು, ನಾಲ್ಕನೆಯವನಿಗೆ ಎರಡು, ಆಮೇಲೆ ಬಂದವರಿಗೆಲ್ಲ ಒಂದೊಂದು ಹೆಚ್ಚಾಗಿ ಕೊಡುತ್ತಿದ್ದರಂತೆ. ಕೊನೆಗೆ ಬಂದವನ ಪಾಡನ್ನು ವರದಿ ಹೇಳುವುದಿಲ್ಲ, ಓದುಗರೇ ಎಣಿಸಿಕೊಳ್ಳಬಹುದು. ಇದ್ದಿಲು ಬಳಿದ ಮಡಿಕೆ ಬಟ್ಟೆಯ ಮೇಲೆ ಬಳಪದಿಂದ ಬರೆದುದನ್ನು ಒದ್ದೆ ಅರಿವೆಯಿಂದ ಒರಸಿಬಿಡುತ್ತಿದ್ದ ಆ ಶಾಲೆಯಲ್ಲಿ ಈ ಹಾಜರಿಯೂ ಅಳಿಸಿಹೋಗತಕ್ಕದ್ದೇ ಆಗಿದ್ದಿತು. ಆದರೆ ಅದು ಬರೆಯಲ್ಪಡುತ್ತಿದ್ದುದು ಹುಡುಗನಿಗಾಗಿಯೇ ಹೊರತು ಮೇಲಧಿಕಾರಿಗಾಗಿ ಅಲ್ಲ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮದ್ರಾಸು ಸರ್ಕಾರವು ಖಾಸಗಿ ಶಾಲೆಗಳಿಗೆ ಸಹಾಯಧನವನ್ನು ಕೊಡತೊಡಗಿ, ಮಕ್ಕಳ ಪರೀಕ್ಷಾಫಲವನ್ನು ನೋಡಿ ಹಣವನ್ನು ಅಳೆಯುವ ಕ್ರಮವನ್ನು ತಂದ ಮೇಲೆ, ಜಗಲಿಯ ಮೇಲೆ ಪಾಠ ಹೇಳುತ್ತಿದ್ದ ಅಯ್ಯಗಳೂ ಇನ್‌ಸ್ಪೆಕ್ಟರರ ಕಣ್ಣಿಗೆ ಒಪ್ಪುವ ಪುಸ್ತಕವನ್ನಿಡಬೇಕಾಯಿತು. ಎಡಗಡೆ ಹೆಸರು, ಮೇಲುಗಡೆ ತಾರೀಖು, ಮನೆಯೊಳಗೆ ಬೆಳಗಿನದೊಂದು ಓರೆಗೀಟು, ಮಧ್ಯಾಹ್ನ ಅದನ್ನು ಅಡ್ಡಹಾಯುವ ಇನ್ನೊಂದು ಗೀಟು, ಬಾರದವನಿಗೆ ‘ಗೈ’, ಭಾನುವಾರದ ಕಂಬದುದ್ದಕ್ಕೂ ಕೆಳಮುಖವಾಗಿ ರಜೆಯೆಂಬ ಬರಹ: ಮುಂದೆ ಮನೆಮಾತಾದ ಹಾಜರಿ ಪುಸ್ತಕದ ರೂಪ ಇದು. 1953ರ ಅಕ್ಟೋಬರ್ 1ರಂದು ಈ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದಾಗ ಇಲಾಖೆ ಬದಲಾಯಿತು, ಗೀಟು ಬದಲಾಗಲಿಲ್ಲ. 1961ರ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾಯಿದೆಯಿಂದ ಗೈರುಹಾಜರಿಯು ಪೋಷಕರು ಉತ್ತರ ಹೇಳಬೇಕಾದ ವಿಷಯವಾಯಿತು.

ಹಾಜರಿಗೆ ಅನ್ನದ ನಂಟು ಬೆಳೆದುದು ತೀರ ಈಚೆಗೆ. 1995ರಲ್ಲಿ ಆರಂಭವಾದ ಕೇಂದ್ರದ ಯೋಜನೆಯಲ್ಲಿ, ನೂರಕ್ಕೆ ಎಂಬತ್ತರಷ್ಟು ಹಾಜರಿಯುಳ್ಳ ಮಗುವಿಗೆ ತಿಂಗಳಿಗೆ 3 ಕಿಲೋ ಧಾನ್ಯ ದೊರೆಯುತ್ತಿದ್ದುದರಿಂದ, ಮಾಸ್ತರರ ಒಂದು ‘ಗೈ’ ಬಡವರ ಮನೆಯ ಅಕ್ಕಿಯನ್ನೇ ತಪ್ಪಿಸಬಲ್ಲುದಾಗಿದ್ದಿತು; ಅಂಥಲ್ಲಿ ಲೇಖನಿಯು ಕರುಣೆಯ ಕಡೆಗೆ ವಾಲಿದ್ದರೆ ಅದನ್ನು ಅಪ್ರಾಮಾಣಿಕತೆಯೆನ್ನಲು ಮನಸ್ಸೊಪ್ಪದು. 2002ರಲ್ಲಿ ಬಿಸಿಯೂಟವು ಬಳ್ಳಾರಿಯೂ ಸೇರಿದಂತೆ ಏಳು ಜಿಲ್ಲೆಗಳಲ್ಲಿ ಮೊದಲಾದಾಗ, 1997ರಿಂದ ದಾವಣಗೆರೆಗೆ ಸೇರಿದ್ದ ಹರಪನಹಳ್ಳಿ ಆ ಪಂಕ್ತಿಯಿಂದ ಹೊರಗುಳಿಯಿತು. ಅಲ್ಲಿಂದ ಮುಂದೆ ಬೆಳಗಿನ ಹಾಜರಿಯೇ ಅಡಿಗೆಯವರಿಗೆ ಅಕ್ಕಿಯ ಅಳತೆಯಾಗಿದೆ.

ಕೊಟ್ಟೂರಿನ ಗುರುಬಸವೇಶ್ವರನ ತೇರು, ಮೈಲಾರದ ಕಾರ್ಣಿಕ ಮುಂತಾದವು ಬಂದಾಗ ತರಗತಿ ಬರಿದಾಗುವುದು ಒಂದೆರಡು ದಿನದ ಮಾತು. ಗುಳೆ ಹಾಗಲ್ಲ. ಮಳೆ ಕೈಕೊಟ್ಟ ವರ್ಷ ತಾಂಡಾಗಳಿಂದಲೂ ಹಳ್ಳಿಗಳಿಂದಲೂ ಕುಟುಂಬಗಳು ಮಂಡ್ಯದ ಕಬ್ಬಿನ ಗದ್ದೆಗಳಿಗೋ ಚಿಕ್ಕಮಗಳೂರಿನ ಕಾಫಿ ತೋಟಗಳಿಗೋ ಹೊರಟುಹೋದರೆ, ಪುಸ್ತಕದಲ್ಲಿ ಒಬ್ಬೊಬ್ಬ ಹುಡುಗನ ಸಾಲು ತಿಂಗಳುಗಟ್ಟಲೆ ‘ಗೈ’ಗಳಿಂದಲೇ ತುಂಬುತ್ತದೆ. ಹೆಸರನ್ನು ಹೊಡೆದುಹಾಕಿದರೆ ಮಗು ಶಾಲೆಯ ಲೆಕ್ಕದಿಂದಲೇ ಹೋದಂತೆ, ಉಳಿಸಿಕೊಂಡರೆ ಹಾಜರಿಯ ಸರಾಸರಿ ಇಳಿದಂತೆ. ಆದಕಾರಣ ತಂದೆತಾಯಿಗಳು ದಾರಿಖರ್ಚಿಗೆ ಮುಂಗಡ ಪಡೆಯುವ ಮೊದಲೇ ಮಾಸ್ತರರು ಅವರನ್ನು ಕಂಡು, ಮಗುವನ್ನಾದರೂ ಅಜ್ಜಿಯ ಬಳಿ ಬಿಟ್ಟುಹೋಗಿರೆಂದು ಬೇಡಿಕೊಳ್ಳುವುದುಂಟು.