ಹಿತ್ತಲ ಕೋಳಿ ನಡೆದು ಬಂದ ದಾರಿ



ಹಾಲಿನ ಸಂಘದ ಬೆಳ್ಳಿಹಬ್ಬದ ಸಂಚಿಕೆಗೆ ಕೋಳಿಯ ಮೇಲೆ ಲೇಖನವೇ ಅಂತ ಕೆಲವರು ನಗಬಹುದು. ಸಂಚಿಕೆಯ ಸಮಿತಿಯಲ್ಲೂ ನಕ್ಕರು. ಹಸುವಿನ ಚರಿತ್ರೆ ಬರೆಯುವುದಕ್ಕೆ ಬೇಕಾದಷ್ಟು ಜನ ಇದ್ದಾರೆ, ಡೇರಿ ಬಂದ ಮೇಲೆ ಹಸುವಿಗೆ ಲೆಕ್ಕದ ಪುಸ್ತಕವೂ ಇದೆ. ಹಸು ಬರುವುದಕ್ಕೆ ಮುಂಚೆಯೂ ನಮ್ಮ ಮನೆಗಳ ಉಪ್ಪು ಸೀಮೆಎಣ್ಣೆ ಖರ್ಚು ನೋಡಿಕೊಂಡ ಕೋಳಿಗೆ ಮಾತ್ರ ಒಂದು ಸಾಲೂ ಎಲ್ಲೂ ಇಲ್ಲ. ಆದ್ದರಿಂದ ಈ ನಾಲ್ಕು ಮಾತು. ಮಾಂಸ ತಿನ್ನದ ಸದಸ್ಯರು ಇದನ್ನು ಲೆಕ್ಕಾಚಾರದ ವಿಷಯ ಅಂತ ತಿಳಿದು ಓದಬೇಕಾಗಿ ವಿನಂತಿ.

ಕೋಳಿಯ ಮೂಲ ಕಾಡು. ಏಷ್ಯಾದ ಕಾಡುಗಳಲ್ಲಿ ಇರುವ ಕೆಂಪು ಕಾಡುಕೋಳಿಯೇ ಪ್ರಪಂಚದ ಎಲ್ಲ ಸಾಕುಕೋಳಿಗಳ ಹಿರಿಯ ಅನ್ನುವುದು ಹಳೆಯ ಮಾತು. ಆದರೆ ಅದರಲ್ಲಿ ನಮ್ಮ ಸೀಮೆಯ ಪಾಲೂ ಇದೆ ಅಂತ 2008ರಲ್ಲಿ ಸ್ವೀಡನ್ ದೇಶದ ವಿಜ್ಞಾನಿಗಳು ತೋರಿಸಿಕೊಟ್ಟರು. ಕೋಳಿಯ ಕಾಲು, ಚರ್ಮ ಹಳದಿಯಾಗುವ ಗುಣ ಕೆಂಪು ಕಾಡುಕೋಳಿಯಿಂದ ಬಂದದ್ದಲ್ಲವಂತೆ, ದಕ್ಷಿಣ ಭಾರತದ ಬೂದು ಕಾಡುಕೋಳಿಯಿಂದ ಬಂದದ್ದಂತೆ. ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ಕಡೆ ಹೋದವರು ಬೆಳಗಿನ ಹೊತ್ತು ರಸ್ತೆ ದಾಟುವ ಆ ಕೋಳಿಯನ್ನು ನೋಡಿರುತ್ತೀರಿ. ಸಂತೆಯಲ್ಲಿ ಕಾಲು ಹಳದಿ ಇದೆಯಾ ಅಂತ ಹುಂಜವನ್ನು ತಿರುಗಿಸಿ ನೋಡುವ ನಮ್ಮ ಹಿರಿಯರಿಗೆ ಈ ಸಂಗತಿ ಗೊತ್ತಿದ್ದರೆ ಬೆಲೆ ಇನ್ನೂ ಎರಡು ರೂಪಾಯಿ ಹೆಚ್ಚು ಹೇಳುತ್ತಿದ್ದರು.

ಕೋಳಿ ನಮ್ಮಲ್ಲಿ ಮೊದಲು ದೇವರಿಗೆ, ಆಮೇಲೆ ನೆಂಟರಿಗೆ, ಕಡೆಗೆ ಮನೆಯವರಿಗೆ. 1209ರಲ್ಲಿ ಜನ್ನ ಕವಿ ಬರೆದ ಯಶೋಧರ ಚರಿತೆಯಲ್ಲಿ ಹಿಟ್ಟಿನ ಕೋಳಿಯನ್ನು ದೇವಿಗೆ ಬಲಿ ಕೊಡುವ ಕಥೆ ಬರುತ್ತದೆ. ಕವಿ ಹೇಳಿದ್ದು ಅಹಿಂಸೆಯನ್ನೇ, ಆದರೆ ಹಿಟ್ಟಿನಲ್ಲಿ ಕೋಳಿ ಮಾಡಬೇಕಾದರೆ ದೇವಿಗೆ ಕೋಳಿ ಕೊಡುವ ಪದ್ಧತಿ ಆಗಲೇ ಜನಕ್ಕೆ ಚೆನ್ನಾಗಿ ಗೊತ್ತಿತ್ತು ಅಂತಲೇ ಅಲ್ಲವೇ? ನಮ್ಮ ಕಡೆ ಮಾರಿಹಬ್ಬದ ಹರಕೆ, ಯುಗಾದಿ ಮಾರನೆಯ ದಿನದ ಹೊಸತೊಡಕು, ಅಳಿಯ ಬಂದ ದಿನ, ಬಾಣಂತಿಯ ಪಥ್ಯ ಎಲ್ಲಕ್ಕೂ ಹಿತ್ತಲ ಕೋಳಿಯೇ ಆಧಾರ. ಅಂಗಡಿಯಿಂದ ಕೋಳಿ ತರುವ ಮಾತೇ ಆಗ ಇರಲಿಲ್ಲ.

ಸಾಕುವ ಕ್ರಮವೂ ಖರ್ಚಿಲ್ಲದ್ದು. ಒಂದು ಹ್ಯಾಟೆ 12–15 ಮೊಟ್ಟೆ ಇಟ್ಟು ಕಾವಿಗೆ ಬರುತ್ತಿತ್ತು. ಮಂಕರಿಗೆ ಹೊಟ್ಟು ಹಾಸಿ, ಗುಡುಗಿಗೆ ಮೊಟ್ಟೆ ಕೆಡಬಾರದು ಅಂತ ಒಂದು ಕಬ್ಬಿಣದ ಚೂರು, ಒಂದು ಇದ್ದಿಲು ಇಟ್ಟು ಕೂರಿಸುತ್ತಿದ್ದರು. 21 ದಿನಕ್ಕೆ ಮರಿ. ಹತ್ತು ಮರಿ ಎದ್ದರೆ ಹದ್ದಿಗೆ ಎರಡು, ಕೀರಕ್ಕೆ ಒಂದು, ಬೆಕ್ಕಿಗೆ ಒಂದು ಹೋಗಿ ಐದೋ ಆರೋ ಉಳಿಯುತ್ತಿದ್ದವು. ತಿಪ್ಪೆ ಕೆದಕಿದ ಹುಳ, ಕಣದಲ್ಲಿ ಚೆಲ್ಲಿದ ಕಾಳು, ಬೆಳಿಗ್ಗೆ ಒಂದು ಹಿಡಿ ನುಚ್ಚು, ಇಷ್ಟೇ ಮೇವು. ಮರಿಗಳಿಗೆ ಅಂತ ಹಳೆಯ ಮಡಕೆಗೆ ಸಗಣಿ ತುಂಬಿ ಹುತ್ತದ ಹತ್ತಿರ ಬೋರಲು ಹಾಕಿ ಗೆದ್ದಲು ಹಿಡಿಯುತ್ತಿದ್ದರು. ಐದಾರು ತಿಂಗಳಿಗೆ ಹುಂಜ ಒಂದೂಕಾಲು, ಒಂದೂವರೆ ಕೆ.ಜಿ. ತೂಗುತ್ತಿತ್ತು. ಕೋಳಿ ಇಲ್ಲದ ಮನೆಗೆ ಒಂದು ಹ್ಯಾಟೆಯನ್ನು ವಾರಕ್ಕೆ ಕೊಡುವುದೂ ಇತ್ತು, ಎದ್ದ ಮರಿಯಲ್ಲಿ ಅರ್ಧ ಕೊಟ್ಟವರಿಗೆ, ಅರ್ಧ ಸಾಕಿದವರಿಗೆ. ಕಾಗದ ಇಲ್ಲ, ರುಜು ಇಲ್ಲ. ಇದೂ ಒಂದು ಬಗೆಯ ಸಹಕಾರವೇ ಅನ್ನಿ.

ಇದರಲ್ಲಿ ಗಮನಿಸಬೇಕಾದ ವಿಷಯ ದುಡ್ಡಿನದು. ರಾಗಿ ಮಾರಿದ ದುಡ್ಡು, ರೇಷ್ಮೆಗೂಡಿನ ದುಡ್ಡು ಯಜಮಾನನ ಜೇಬಿಗೆ. ಕೋಳಿ ಮಾರಿದ ದುಡ್ಡು ಮಾತ್ರ ಹೆಂಗಸರ ಸೆರಗಿನ ಗಂಟಿಗೆ. ಅದನ್ನು ಕೇಳುವ ಹಕ್ಕು ಯಾವ ಗಂಡಸಿಗೂ ಇರಲಿಲ್ಲ, ಕೇಳಿದರೂ ಕೊಡುತ್ತಿರಲಿಲ್ಲ. ಮಕ್ಕಳ ಪುಸ್ತಕ, ರಾತ್ರಿ ಜ್ವರ ಬಂದರೆ ಆಸ್ಪತ್ರೆ, ತವರಿಗೆ ಹೋಗುವ ಬಸ್ ಚಾರ್ಜು ಎಲ್ಲ ಆ ಗಂಟಿನಿಂದಲೇ. ನಮ್ಮ ಊರಿನಲ್ಲಿ ಎಸ್.ಎಸ್.ಎಲ್.ಸಿ. ಫೀಜು ಕೋಳಿಯ ಲೆಕ್ಕದಲ್ಲಿ ಕಟ್ಟಿದವರನ್ನು ಎಣಿಸಿದರೆ ಒಂದು ಕೈಬೆರಳು ಸಾಲುವುದಿಲ್ಲ.

ಸರ್ಕಾರ ಕೋಳಿಯ ಕಡೆ ತಿರುಗಿ ನೋಡಿದ್ದು ಸ್ವಾತಂತ್ರ್ಯ ಬಂದ ಮೇಲೆ. ಎರಡನೆಯ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ ದೇಶದಲ್ಲಿ ಐದು ಪ್ರಾದೇಶಿಕ ಕೋಳಿ ಫಾರಂಗಳಾದವು, ಅದರಲ್ಲಿ ಒಂದು ಬೆಂಗಳೂರಿನದು, ಹೆಸರಘಟ್ಟದಲ್ಲಿ. ಬಿಳಿ ಲೆಗ್‌ಹಾರ್ನ್, ಕೆಂಪು ರೋಡ್ ಐಲೆಂಡ್ ಎಂಬ ಸೀಮೆ ಜಾತಿಗಳು ಬಂದವು. ನಾಟಿ ಹುಂಜ ಕೊಟ್ಟು ಸೀಮೆ ಹುಂಜ ಒಯ್ಯಿರಿ ಅಂತ ಬ್ಲಾಕ್ ಆಫೀಸಿನವರು ಹಳ್ಳಿಗಳಲ್ಲಿ ಹೇಳಿದ ಕಾಲ ಅದು. ಬಿಳಿ ಕೋಳಿ ಮೊಟ್ಟೆಗೇನೋ ಸರಿ, ಆದರೆ ಹಿತ್ತಲಿಗೆ ಹೊಂದಲಿಲ್ಲ. ಬಯಲಲ್ಲಿ ಬಿಳಿ ಬಣ್ಣ ಹದ್ದಿಗೆ ಎರಡು ಮೈಲಿಗೇ ಕಾಣುತ್ತದೆ.

ಹಿತ್ತಲಿಗೆ ಹೊಂದುವ ಕೋಳಿ ಬಂದದ್ದು 1989ರಲ್ಲಿ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಹೆಬ್ಬಾಳದಲ್ಲಿ ತಯಾರು ಮಾಡಿದ ಗಿರಿರಾಜ. ಬಣ್ಣ ಬಣ್ಣದ ಪುಕ್ಕ, ನೋಡುವುದಕ್ಕೆ ನಾಟಿಯ ಹಾಗೆ, ತೂಕದಲ್ಲಿ ನಾಟಿಯ ಎರಡರಷ್ಟು, ಅಡುಗೆಮನೆಯ ಅಳಿದುಳಿದದ್ದು ತಿಂದು ಬೆಳೆಯುವಂಥದ್ದು. ನಮ್ಮೂರಿನವರು ರಟ್ಟಿನ ಪೆಟ್ಟಿಗೆಯಲ್ಲಿ ಮರಿ ತುಂಬಿಕೊಂಡು ಬಸ್ಸಿನಲ್ಲಿ ತೊಡೆ ಮೇಲಿಟ್ಟು ತಂದರು. ಆಮೇಲೆ ಗೊತ್ತಾಯಿತು ಅದರ ಗುಟ್ಟು. ಗಿರಿರಾಜ ಕಾವಿಗೆ ಕೂರುವುದಿಲ್ಲ. ಅದರ ಮೊಟ್ಟೆಯನ್ನು ನಾಟಿ ಹ್ಯಾಟೆಯ ಕೆಳಗಿಟ್ಟರೆ ಮರಿ ಆಗುತ್ತದೆ, ಆದರೆ ಮಿಶ್ರತಳಿಯಾದ್ದರಿಂದ ಮರಿಗೆ ತಾಯಿಯ ತೂಕ ಬರುವುದಿಲ್ಲ. ಪ್ರತಿ ಸಲ ಹೊಸ ಮರಿಗೆ ಹೆಬ್ಬಾಳಕ್ಕೇ ಹೋಗಬೇಕು. 2005ರಲ್ಲಿ ಬಂದ ಸ್ವರ್ಣಧಾರ ಮೊಟ್ಟೆಯಲ್ಲಿ ಅದಕ್ಕಿಂತ ಮೇಲು. ಹೈದರಾಬಾದಿನ ಸಂಸ್ಥೆಯ ವನರಾಜ ಕೂಡ ನಮ್ಮ ಕಡೆ ಬಂತು. ಇವೆಲ್ಲ ಒಳ್ಳೆಯವೇ. ಆದರೂ ಮರಿಯನ್ನು ರೆಕ್ಕೆಯೊಳಗೆ ಅವಿಸಿಟ್ಟುಕೊಂಡು ಹದ್ದಿನ ಮೇಲೆ ಹಾರುವ ತಾಯಿ ಬೇಕಾದರೆ ನಾಟಿ ಹ್ಯಾಟೆಯೇ ಆಗಬೇಕು.

ಫಾರಂ ಕೋಳಿಯದು ಬೇರೆ ದಾರಿ. ತಮಿಳುನಾಡಿನ ಉಡುಮಲೈಪೇಟೆ, ಪಲ್ಲಡಂ ಕಡೆ 1990ರ ದಶಕದಲ್ಲಿ ಬೆಳೆದ ಒಪ್ಪಂದದ ಪದ್ಧತಿ ಆಮೇಲೆ ನಮ್ಮಲ್ಲಿಗೂ ಬಂತು. ಮರಿ, ಮೇವು, ಔಷಧಿ ಕಂಪನಿಯದು. ಶೆಡ್ಡು, ನೀರು, ಕರೆಂಟು, ನೆಲಕ್ಕೆ ಹಾಸುವ ಹೊಟ್ಟು, ಹಗಲು ರಾತ್ರಿಯ ದುಡಿಮೆ ರೈತನದು. ಸುಮಾರು 40 ದಿನಕ್ಕೆ ಕೋಳಿ 2 ಕೆ.ಜಿ. ಬರುತ್ತದೆ, ಅಷ್ಟಕ್ಕೆ ಮೂರೂಕಾಲು ಮೂರೂವರೆ ಕೆ.ಜಿ. ಮೇವು. ಮೇವು ಎಷ್ಟು ಕಡಿಮೆ ತಿಂದು ಎಷ್ಟು ತೂಗಿತು ಎಂಬುದರ ಮೇಲೆ ಕೆ.ಜಿ.ಗೆ ಇಷ್ಟು ಅಂತ ಸಾಕಾಣಿಕೆ ಕೂಲಿ. ಇದರಿಂದ ಬದುಕು ಕಟ್ಟಿಕೊಂಡವರು ನಮ್ಮಲ್ಲೇ ಇದ್ದಾರೆ, ಅವರ ದುಡಿಮೆಯನ್ನು ಹಗುರ ಮಾಡಿ ಮಾತಾಡಬಾರದು. ಆದರೆ 5,000 ಕೋಳಿಗೆ ಹತ್ತಿರ ಹತ್ತಿರ 5,000 ಚದರ ಅಡಿ ಶೆಡ್ಡು ಬೇಕು, ಅದಕ್ಕೆ ಸಾಲ ಬೇಕು, ಸಾಲಕ್ಕೆ ಪಹಣಿ ಬೇಕು. ಪಹಣಿ ಇರುವುದು ಗಂಡಸಿನ ಹೆಸರಿನಲ್ಲಿ. ಹಾಗಾಗಿ ಕೋಳಿ ಹಿತ್ತಲಿಂದ ಶೆಡ್ಡಿಗೆ ಹೋದಾಗ ಅದರ ದುಡ್ಡೂ ಸೆರಗಿನಿಂದ ಜೇಬಿಗೆ ಹೋಯಿತು. ಇದನ್ನು ಯಾರೂ ಬೇಕೆಂದು ಮಾಡಲಿಲ್ಲ, ಆದರೆ ಆಯಿತು.

ಶೆಡ್ಡಿಗೆ ತನ್ನದೇ ಗಂಡಾಂತರಗಳೂ ಇವೆ. 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಹಕ್ಕಿಜ್ವರ ಕಂಡಾಗ ನಮ್ಮ ಸಂತೆಯಲ್ಲೂ ಕೋಳಿ ಕೇಳುವವರಿಲ್ಲ. 2012ರಲ್ಲಿ ಹೆಸರಘಟ್ಟದ ಕೇಂದ್ರಕ್ಕೇ ಅದು ಬಂತು. 2020ರಲ್ಲಿ ಕೋಳಿಯಿಂದ ಕೊರೊನಾ ಬರುತ್ತದೆ ಎಂಬ ಸುಳ್ಳು ಸುದ್ದಿ ಫೋನಿನಲ್ಲಿ ಹರಡಿ ಬೆಲೆ ನೆಲಕಚ್ಚಿತು. ಬೆಳಗಾವಿ, ಕೋಲಾರ ಜಿಲ್ಲೆಗಳಲ್ಲಿ ರೈತರು ಸಾವಿರಾರು ಕೋಳಿಗಳನ್ನು ಜೀವಂತ ಗುಂಡಿಗೆ ಹಾಕಿದ್ದನ್ನು ನಾವೆಲ್ಲ ನೋಡಿದೆವು.

ಹಾಗಾದರೆ ಹಿತ್ತಲಿನಲ್ಲಿ ಕೋಳಿ ಕಡಿಮೆಯಾದದ್ದು ಫಾರಂ ಕೋಳಿಯಿಂದಲೇ? ನನಗೆ ಹಾಗೆ ಅನ್ನಿಸುವುದಿಲ್ಲ. ಇವತ್ತೂ ನಾಟಿ ಕೋಳಿ ಕೆ.ಜಿ.ಗೆ ಫಾರಂ ಕೋಳಿಗಿಂತ ದುಬಾರಿ, ಬೆಂಗಳೂರಿನಿಂದ ಕಾರಿನಲ್ಲಿ ಬಂದು ಕೇಳುವವರಿದ್ದಾರೆ. ಕೊಡೋದಕ್ಕೆ ಕೋಳಿ ಇಲ್ಲ. ಕಾರಣ ಕೊಕ್ಕರೆ ರೋಗ. ಬೇಸಿಗೆ ತಿರುಗುವ ಹೊತ್ತಿಗೆ ಕೋಳಿ ತೂಕಡಿಸುತ್ತದೆ, ಹಸಿರು ಬಿಳಿ ಹಿಕ್ಕೆ ಹಾಕುತ್ತದೆ, ಕತ್ತು ತಿರುಚಿಕೊಳ್ಳುತ್ತದೆ, ವಾರದಲ್ಲಿ ಬೀದಿಯ ಗೂಡುಗಳೆಲ್ಲ ಖಾಲಿ. ಡಾಕ್ಟರರು ಇದಕ್ಕೆ ರಾಣಿಖೇತ್ ಅನ್ನುತ್ತಾರೆ. ಕುಮಾಂವ್ ಬೆಟ್ಟದ ರಾಣಿಖೇತ್ ಊರಿನಲ್ಲಿ 1927ರಲ್ಲಿ ಗುರುತಿಸಿದ್ದರಿಂದ ಆ ಹೆಸರು. ಬಂದ ಮೇಲೆ ಔಷಧಿ ಇಲ್ಲ. ಬರದ ಹಾಗೆ ತಡೆಯುವ ಲಸಿಕೆ ಮಾತ್ರ 1940ರ ದಶಕದಲ್ಲೇ ಅದೇ ಬೆಟ್ಟದ ಸೀಮೆಯ ಮುಕ್ತೇಶ್ವರದಲ್ಲಿ ತಯಾರಾಯಿತು. ಮೊದಲ ವಾರದಲ್ಲಿ ಮರಿಯ ಕಣ್ಣಿಗೋ ಮೂಗಿಗೋ ಒಂದು ಹನಿ, ಎಂಟು ವಾರದ ಹೊತ್ತಿಗೆ ರೆಕ್ಕೆಯ ಕೆಳಗೆ ಒಂದು ಸೂಜಿ. ಇಷ್ಟು ಸುಲಭದ ಕೆಲಸ ಇಷ್ಟು ವರ್ಷವಾದರೂ ನಮ್ಮ ಹಿತ್ತಲಿಗೆ ಯಾಕೆ ಬರಲಿಲ್ಲ?

ಕಾರಣ ಸೀಸೆಯಲ್ಲಿದೆ. ಒಂದು ಸೀಸೆ ಬರುವುದು ನೂರು ಕೋಳಿಗೆ, ಇನ್ನೂರು ಕೋಳಿಗೆ. ಒಡೆದು ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು, ಅಲ್ಲಿಯವರೆಗೂ ಐಸಿನಲ್ಲಿರಬೇಕು. ಶೆಡ್ಡಿನವನಿಗೆ ಇದು ಸಮಸ್ಯೆಯೇ ಅಲ್ಲ. ಎಂಟು ಕೋಳಿ ಇರುವ ತಾಯಿ ಎಂಟು ಕೋಳಿಗೋಸ್ಕರ ಸೀಸೆ ಒಡೆಸುವುದು ಹೇಗೆ? ಇಪ್ಪತ್ತು ಮನೆಯವರು ಒಂದೇ ದಿನ ಒಂದೇ ಹೊತ್ತಿಗೆ ಕೋಳಿ ತಂದರೆ ಮಾತ್ರ ಆಗುವ ಕೆಲಸ ಇದು. ದಿನಕ್ಕೆ ಎರಡು ಸಲ ಇಡೀ ಊರನ್ನು ಒಂದು ಬಾಗಿಲಿಗೆ ತರುವ ಜಾಗ ನಮ್ಮೂರಿನಲ್ಲಿ ಇರುವುದು ಹಾಲಿನ ಸಂಘ ಒಂದೇ. ಕಾಲುಬಾಯಿ ಜ್ವರದ ಲಸಿಕೆಗೆ ದನಗಳನ್ನು ಸೇರಿಸುವ ಅಭ್ಯಾಸ ನಮಗೆ ಇದ್ದೇ ಇದೆ. ಕೋಳಿಗೂ ವರ್ಷಕ್ಕೆ ಎರಡು ದಿನ, ಬೇಸಿಗೆಗೆ ಮುಂಚೆ ಒಂದು, ಮಳೆಗಾಲ ಕಳೆದ ಮೇಲೆ ಒಂದು ಗೊತ್ತು ಮಾಡಬಹುದು. ಕೋಳಿ ಹಿಡಿಯಬೇಕಾದರೆ ಗೂಡು ಬಿಡುವ ಮುಂಚೆಯೇ ಹಿಡಿಯಬೇಕು, ಆದ್ದರಿಂದ ಬೆಳಗಿನ ಹಾಲಿನ ಹೊತ್ತೇ ಸರಿ. ತೂಕಡಿಸುವ ಕೋಳಿಯನ್ನು ಮಾತ್ರ ಆ ದಿನ ತರಬಾರದು, ಅದು ರೋಗ ಹಂಚುತ್ತದೆ.

ಈ ವಿಷಯವನ್ನು ಆಡಳಿತ ಮಂಡಳಿಯಲ್ಲಿ ಇಟ್ಟಿದ್ದೇನೆ. ಖರ್ಚು ಎಷ್ಟಾಗುತ್ತದೆ ಅಂತ ಅಧ್ಯಕ್ಷರು ಕೇಳಿದರು, ನ್ಯಾಯವಾದ ಪ್ರಶ್ನೆ. ಊರಿನಲ್ಲಿ ಎಷ್ಟು ಕೋಳಿ ಇದೆ ಅನ್ನುವುದೇ ಗೊತ್ತಿಲ್ಲದೆ ಎಷ್ಟು ಸೀಸೆ ಬೇಕು ಅಂತ ಹೇಳಲಾಗಲಿಲ್ಲ. ಆದ್ದರಿಂದ ಸರ್ವಸದಸ್ಯರ ಸಭೆಗೆ ಮುಂಚೆ, ಹಾಲು ಹಾಕಲು ಬರುವ ತಾಯಂದಿರು ತಮ್ಮ ಮನೆಯಲ್ಲಿ ಹ್ಯಾಟೆ ಎಷ್ಟು, ಹುಂಜ ಎಷ್ಟು, ಮರಿ ಎಷ್ಟು ಅಂತ ಕಾರ್ಯದರ್ಶಿಯವರ ಹತ್ತಿರ ಬರೆಸಬೇಕು. ಹಸು ಇಲ್ಲದೆ ಕೋಳಿ ಮಾತ್ರ ಇರುವವರೂ ಬರೆಸಬಹುದು. ಹೆಸರು ಕೋಳಿ ಸಾಕುವವರದೇ ಇರಲಿ, ಮನೆ ಯಜಮಾನರದು ಬೇಡ.