ಗಸಗಸೆಯ ನಾಡಿನಲ್ಲಿ ನೋವಿನ ಮದ್ದು

ಗಸಗಸೆ ಪಾಯಸ ಉಂಡ ಮಧ್ಯಾಹ್ನ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ ಎಂಬುದು ನಮ್ಮ ಕಡೆ ಎಲ್ಲರೂ ಬಲ್ಲ ಮಾತು. ವೈದ್ಯರು ಇದನ್ನು ಒಪ್ಪುವುದಿಲ್ಲ. ಅಡುಗೆಯ ಗಸಗಸೆಯಲ್ಲಿ ಮಂಪರು ತರುವ ಅಂಶ ಲೆಕ್ಕಕ್ಕೆ ಬಾರದಷ್ಟು ಅಲ್ಪ, ನಿದ್ದೆ ಬರುವುದು ಹಬ್ಬದೂಟದ ಭಾರಕ್ಕೆ ಎನ್ನುತ್ತಾರೆ. ಅದೇನೇ ಇರಲಿ, ಅದೇ ಗಿಡದ ಹಸಿ ಕಾಯನ್ನು ಗೀರಿದಾಗ ಒಸರುವ ಹಾಲು ಒಣಗಿ ಅಫೀಮಾಗುತ್ತದೆ. ಅಫೀಮಿನಿಂದ ಬೇರ್ಪಡಿಸಿದ ಮಾರ್ಫಿನ್, ಕ್ಯಾನ್ಸರ್ ರೋಗಿಗಳ ತೀವ್ರವಾದ ನೋವಿಗೆ ಇಂದಿಗೂ ವೈದ್ಯಲೋಕ ನೆಚ್ಚಿಕೊಂಡಿರುವ ಮದ್ದು. ಅಫೀಮನ್ನು ಸರ್ಕಾರದ ಲೈಸೆನ್ಸಿನಡಿ ಬೆಳೆದು ಪರದೇಶಗಳಿಗೆ ಕಳುಹಿಸುತ್ತಿದ್ದ ನಮ್ಮ ದೇಶ, ತನ್ನದೇ ರೋಗಿಗಳಿಗೆ ಆ ಮದ್ದನ್ನು ಹಲವು ವರ್ಷ ನಿರಾಕರಿಸಿತು ಎಂಬುದು ಬಹಳ ಮಂದಿಗೆ ತಿಳಿಯದು. ಓದುಗ ಮಿತ್ರರೊಡನೆ ಆ ಚರಿತ್ರೆಯನ್ನು ಹಂಚಿಕೊಳ್ಳುವುದು ಈ ಬರಹದ ಉದ್ದೇಶ.

ಅಫೀಮು ಎಂದೊಡನೆ ನಾವು ತರಗತಿಯಲ್ಲಿ ಹೇಳುತ್ತಿದ್ದುದು ಚೀನಾದ ಎರಡು ಅಫೀಮು ಯುದ್ಧಗಳ ವಿಷಯವನ್ನು ಮಾತ್ರ. ಮಕ್ಕಳು ಇಸವಿಗಳನ್ನು ಬಾಯಿಪಾಠ ಮಾಡಿ ಅಂಕ ಗಳಿಸುತ್ತಿದ್ದರು. ಆ ಅಫೀಮನ್ನು ಸಂಸ್ಕರಿಸಲು ಕಂಪನಿ ಸರ್ಕಾರ 1820ರಲ್ಲಿ ತೆರೆದ ಗಾಜೀಪುರದ ಕಾರ್ಖಾನೆ ಸ್ವತಂತ್ರ ಭಾರತದಲ್ಲಿಯೂ ಸರ್ಕಾರದ ಅಧೀನದಲ್ಲಿ ಮುಂದುವರಿಯಿತೆಂಬುದು ಪಠ್ಯಪುಸ್ತಕದಲ್ಲಿ ಇರಲಿಲ್ಲ. ಮಧ್ಯಪ್ರದೇಶದ ನೀಮಚ್‌ನಲ್ಲಿ ಇನ್ನೊಂದು ಕಾರ್ಖಾನೆಯುಂಟು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳ ಗೊತ್ತಾದ ಪ್ರದೇಶಗಳಲ್ಲಿ ರೈತರು ಲೈಸೆನ್ಸ್ ಪಡೆದು ಈ ಬೆಳೆಯನ್ನು ತೆಗೆಯುತ್ತಾರೆ.

ಅಫೀಮಿನಿಂದ ಮಾರ್ಫಿನನ್ನು ಬೇರ್ಪಡಿಸಿದವನು ಜರ್ಮನಿಯ ಪಾಡರ್‌ಬೋರ್ನ್ ಎಂಬ ಊರಿನ ಔಷಧಾಲಯದಲ್ಲಿ ಕೆಲಸಕ್ಕಿದ್ದ ಫ್ರೀಡ್ರಿಶ್ ಸೆರ್ಟುರ್ನರ್ ಎಂಬ ತರುಣ. ಕಾಲ, 19ನೆಯ ಶತಮಾನದ ಮೊದಲ ದಶಕ. ಗ್ರೀಕರ ಸ್ವಪ್ನದೇವತೆ ಮಾರ್ಫಿಯಸ್‌ನ ಹೆಸರನ್ನು ಆತ ತನ್ನ ವಸ್ತುವಿಗಿಟ್ಟ. ಹೀಗೆ ಮದ್ದೇನೋ ದೊರೆಯಿತು. ಅದನ್ನು ಸರಿಯಾಗಿ ಕೊಡುವ ಬಗೆಯನ್ನು ವೈದ್ಯರು ಕಲಿಯಲು ಇನ್ನೂ ನೂರೈವತ್ತು ವರ್ಷ ಹಿಡಿಯಿತು. ರೋಗಿ ತಡೆಯಲಾರದೆ ಕೂಗಿಕೊಂಡಾಗ ಒಂದು ಚುಚ್ಚುಮದ್ದು, ಅದರ ಪ್ರಭಾವ ಇಳಿದ ಮೇಲೆ ಮತ್ತೆ ನೋವು, ಮತ್ತೆ ಬೇಡಿಕೆ. ಹೀಗೆ ಬೇಡುವವನನ್ನು ಕಂಡು ಇವನಿಗೆ ಚಟ ಹತ್ತಿತೆಂದು ಎಣಿಸಿ ಮದ್ದನ್ನು ಇನ್ನಷ್ಟು ಬಿಗಿಹಿಡಿಯುವುದು ಆಸ್ಪತ್ರೆಗಳ ವಾಡಿಕೆಯಾಗಿತ್ತು.

ಈ ವಾಡಿಕೆಯನ್ನು ಮುರಿದವರು ಇಂಗ್ಲೆಂಡಿನ ಸಿಸಿಲಿ ಸಾಂಡರ್ಸ್. 1918ರಲ್ಲಿ ಜನಿಸಿದ ಆಕೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ದಾದಿಯಾದರು. ಬೆನ್ನುನೋವು ಆ ವೃತ್ತಿಯನ್ನು ಬಿಡಿಸಿದಾಗ ಆಸ್ಪತ್ರೆಯ ಸಮಾಜಸೇವಕಿಯಾದರು. ಆಗ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಡೇವಿಡ್ ತಾಸ್ಮಾ ಎಂಬ ರೋಗಿಯ ಪರಿಚಯವಾಯಿತು. ವಾರ್ಸಾದಿಂದ ಬಂದ ಯಹೂದಿ, ಬಂಧುಬಳಗವಿಲ್ಲದ ಒಂಟಿಜೀವ, ವಾಸಿಯಾಗದ ಕ್ಯಾನ್ಸರ್. ಇಂಥವರು ನೆಮ್ಮದಿಯಿಂದ ಕಡೆಯ ದಿನಗಳನ್ನು ಕಳೆಯುವ ಮನೆಯೊಂದು ಇದ್ದಿದ್ದರೆ ಎಂದು ಇಬ್ಬರೂ ಮಾತನಾಡಿಕೊಳ್ಳುತ್ತಿದ್ದರು. 1948ರಲ್ಲಿ ಆತ ತೀರಿಕೊಂಡಾಗ ಆ ಮನೆಯಲ್ಲಿ ತಾನೊಂದು ಕಿಟಕಿಯಾಗಿರುತ್ತೇನೆಂದು ಹೇಳಿ 500 ಪೌಂಡುಗಳನ್ನು ಆಕೆಗೆ ಬಿಟ್ಟುಹೋಗಿದ್ದ. ಮನೆ ಇನ್ನೂ ಇಲ್ಲ, ಕಿಟಕಿಗೆ ಮಾತ್ರ ಹಣ ಬಂದಿತ್ತು! ಸಾಯುವವರನ್ನು ಕೈಬಿಡುವವರು ವೈದ್ಯರೇ, ಆದ್ದರಿಂದ ನೀನೇ ವೈದ್ಯಳಾಗು ಎಂದು ಹಿರಿಯ ಶಸ್ತ್ರವೈದ್ಯರೊಬ್ಬರು ಸಲಹೆಯಿತ್ತರು. ಮೂವತ್ತು ದಾಟಿದ ಮೇಲೆ ವೈದ್ಯಕೀಯ ಕಾಲೇಜು ಸೇರಿದ ಸಾಂಡರ್ಸ್ 1957ರಲ್ಲಿ ವೈದ್ಯರಾದರು.

ಮುಂದೆ ಸೇಂಟ್ ಜೋಸೆಫ್ಸ್ ಎಂಬ ಧರ್ಮಾಸ್ಪತ್ರೆಯಲ್ಲಿ ಆಕೆ ಮಾಡಿದ ಕೆಲಸ ಹೇಳಲು ಅತಿ ಸರಳ. ನೋವು ಮರುಕಳಿಸುವವರೆಗೆ ಕಾಯದೆ, ಗಡಿಯಾರ ನೋಡಿ, ನಾಲ್ಕು ಗಂಟೆಗೊಮ್ಮೆ ಮಾರ್ಫಿನನ್ನು ಬಾಯಿಯ ಮೂಲಕ ಕೊಡುವುದು. ಹೀಗೆ ಕೊಟ್ಟಾಗ ರೋಗಿಗಳು ಮಂಪರಿನಲ್ಲಿ ಬಿದ್ದಿರಲಿಲ್ಲ. ಎದ್ದು ಕುಳಿತು ಪತ್ರ ಬರೆದರು, ಮನೆಯವರೊಡನೆ ಮಾತನಾಡಿದರು. ಒಂದೊಂದು ರೋಗಿಯ ವಿವರವನ್ನೂ ಬರೆದಿಟ್ಟು ಆಕೆ ಇದನ್ನು ತೋರಿಸಿಕೊಟ್ಟರು. ನೋವೆಂದರೆ ದೇಹದ್ದಷ್ಟೇ ಅಲ್ಲ, ಮನಸ್ಸಿನದು, ಸಂಸಾರದ ಚಿಂತೆಯದು, ಬಾಳಿಗೆ ಅರ್ಥವೇನೆಂಬ ತಳಮಳದ್ದು. ಇವೆಲ್ಲ ಸೇರಿ ಒಂದೇ ನೋವಾಗುತ್ತದೆ ಎಂಬುದು ಆಕೆಯ ವಿಚಾರ. ತಾಸ್ಮಾನ 500 ಪೌಂಡಿನಿಂದ ಮೊದಲಾದ ಮನೆ ಸೇಂಟ್ ಕ್ರಿಸ್ಟೋಫರ್ಸ್ ಎಂಬ ಹೆಸರಿನಲ್ಲಿ 1967ರಲ್ಲಿ ಲಂಡನ್ನಿನಲ್ಲಿ ತೆರೆಯಿತು. 2005ರಲ್ಲಿ ಸಾಂಡರ್ಸ್ ಕಣ್ಣುಮುಚ್ಚಿದ್ದೂ ಅಲ್ಲಿಯೇ. ಕೆನಡಾದ ಬಾಲ್ಫೋರ್ ಮೌಂಟ್ ಎಂಬ ವೈದ್ಯರು 1970ರ ದಶಕದಲ್ಲಿ ಈ ಬಗೆಯ ಶುಶ್ರೂಷೆಗೆ ಪ್ಯಾಲಿಯೇಟಿವ್ ಕೇರ್ ಎಂಬ ಹೆಸರು ಕೊಟ್ಟರು. ನಮ್ಮಲ್ಲಿ ಉಪಶಾಮಕ ಆರೈಕೆ ಎನ್ನುತ್ತಾರೆ.

ಇನ್ನು ನಮ್ಮ ದೇಶಕ್ಕೆ ಬರೋಣ. 1986ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕ್ಯಾನ್ಸರ್ ನೋವಿಗೆ ಮೂರು ಮೆಟ್ಟಿಲಿನ ಏಣಿಯೊಂದನ್ನು ಪ್ರಕಟಿಸಿತು. ಸಣ್ಣ ನೋವಿಗೆ ಸಾಮಾನ್ಯ ನೋವಿನ ಮಾತ್ರೆ, ಅದಕ್ಕೆ ಬಗ್ಗದಿದ್ದರೆ ಕೋಡೀನಿನಂಥದು, ಅದಕ್ಕೂ ಬಗ್ಗದಿದ್ದರೆ ಮಾರ್ಫಿನ್. ಬಡ ದೇಶಗಳೂ ಅನುಸರಿಸಬಹುದಾದ ಅಗ್ಗದ ಕ್ರಮ. ಅದೇ ವರ್ಷ ಮುಂಬಯಿಯ ಬಾಂದ್ರಾದಲ್ಲಿ ಡಾ. ಎಲ್. ಜೆ. ಡಿಸೋಜಾ ಅವರು ಶಾಂತಿ ಅವೇದನಾ ಆಶ್ರಮವನ್ನು ತೆರೆದರು. ಇಂಥ ಮನೆಗಳಲ್ಲಿ ಭಾರತದ ಮೊದಲನೆಯದು. ಆದರೆ ಒಂದು ವರ್ಷ ಮೊದಲು, 1985ರಲ್ಲಿ, ಸಂಸತ್ತು ಮಾದಕ ವಸ್ತುಗಳ ಕಾಯಿದೆಯನ್ನು ಅಂಗೀಕರಿಸಿತ್ತು. ಅಪರಾಧ ಸಾಬೀತಾದರೆ ಕನಿಷ್ಠ 10 ವರ್ಷ ಕಠಿಣ ಸಜೆ, 1 ಲಕ್ಷ ರೂಪಾಯಿ ದಂಡ. ಉದ್ದೇಶ ಒಳ್ಳೆಯದೇ, ಮಾದಕ ವಸ್ತುಗಳ ಕಳ್ಳಸಾಗಣೆದಾರರಿಗೆ ಇಂಥ ಶಿಕ್ಷೆ ಬೇಕಿತ್ತು. ತೊಡಕೆಂದರೆ, ಮಾರ್ಫಿನ್ ಮಾತ್ರೆಯ ನಿಯಮಗಳನ್ನು ಒಂದೊಂದು ರಾಜ್ಯ ಒಂದೊಂದು ರೀತಿ ರಚಿಸಿತು. ಕೊಳ್ಳಲು, ಇಟ್ಟುಕೊಳ್ಳಲು, ರಾಜ್ಯದ ಗಡಿ ದಾಟಿಸಲು ಬೇರೆ ಬೇರೆ ಪರವಾನಗಿ; ಅಬಕಾರಿ ಇಲಾಖೆಗೊಂದು ಅರ್ಜಿ, ಔಷಧ ನಿಯಂತ್ರಣ ಇಲಾಖೆಗೊಂದು. ಇವೆಲ್ಲ ಏಕಕಾಲಕ್ಕೆ ಚಾಲ್ತಿಯಲ್ಲಿರಬೇಕು. ಕೊನೆಯದು ಕೈಸೇರುವಷ್ಟರಲ್ಲಿ ಮೊದಲನೆಯದರ ಅವಧಿ ಮುಗಿದಿರುತ್ತಿತ್ತು. ಲೆಕ್ಕದಲ್ಲಿ ಹತ್ತು ಮಾತ್ರೆ ಏರುಪೇರಾದರೂ ಜೈಲು ಎಂಬ ಭಯ ಬೇರೆ. ಆಸ್ಪತ್ರೆಗಳೂ ಔಷಧದ ಅಂಗಡಿಗಳೂ ಮಾರ್ಫಿನ್ ಇಡುವುದನ್ನೇ ನಿಲ್ಲಿಸಿದವು. ಹನ್ನೆರಡು ವರ್ಷಗಳಲ್ಲಿ ದೇಶದ ವೈದ್ಯಕೀಯ ಬಳಕೆ ಶೇಕಡ 97ರಷ್ಟು ಕುಸಿದು, 1997ರಲ್ಲಿ ಕೇವಲ 18 ಕಿಲೋಗೆ ಇಳಿಯಿತು. ಟನ್ನುಗಟ್ಟಲೆ ಅಫೀಮು ಬೆಳೆಯುವ ದೇಶಕ್ಕೆ ವರ್ಷಕ್ಕೆ 18 ಕಿಲೋ!

ಆ ವರ್ಷಗಳಲ್ಲಿಯೇ ನಮ್ಮ ಶಾಲೆಯ ಹಿಂದಿ ಮೇಷ್ಟರಿಗೆ ಬಾಯಿಯ ಕ್ಯಾನ್ಸರ್ ಆಯಿತು. ಬೆಂಗಳೂರಿನಲ್ಲಿ ಕರೆಂಟು ಕೊಡಿಸಿ ತಂದರು. (ವಿಕಿರಣ ಚಿಕಿತ್ಸೆಗೆ ನಮ್ಮ ಜನ ಇಂದಿಗೂ ಹಾಗೆಯೇ ಹೇಳುತ್ತಾರೆ.) ರೋಗ ಮರಳಿತು. ನೋಡಲು ಹೋದಾಗ ಅವರ ಶ್ರೀಮತಿಯವರು ಬಾಗಿಲಿಗೆ ಬಂದು, “ಬದುಕಿಸಿ ಅಂತ ಕೇಳ್ತಿಲ್ಲ ಸರ್, ರಾತ್ರಿ ಒಂದು ಗಳಿಗೆ ಮಲಗೋ ಹಾಗೆ ಏನಾದರೂ ಕೊಡಿಸಿ” ಎಂದರು. ನಾವು ಇಬ್ಬರು ಸಹೋದ್ಯೋಗಿಗಳು ಜಿಲ್ಲಾ ಕೇಂದ್ರದ ಔಷಧದ ಅಂಗಡಿಗಳನ್ನೆಲ್ಲ ಸುತ್ತಿದೆವು. ಒಬ್ಬ ಅಂಗಡಿಯವರು ಮಾತ್ರೆಯ ಹೆಸರು ಕೇಳಿದೊಡನೆ ಸುತ್ತಮುತ್ತ ನೋಡಿ, “ಅದನ್ನೆಲ್ಲ ಇಲ್ಲಿ ಜೋರಾಗಿ ಕೇಳಬೇಡಿ ಮೇಷ್ಟ್ರೇ” ಎಂದು ತಗ್ಗಿದ ದನಿಯಲ್ಲಿ ಹೇಳಿ ಕಳುಹಿಸಿದರು. ಆಗ ಅದು ಆ ಮನುಷ್ಯನ ಪುಕ್ಕಲುತನವೆಂದುಕೊಂಡೆವು. ಆತನ ಭಯಕ್ಕೆ 10 ವರ್ಷದ ಸಜೆಯ ಆಧಾರವಿತ್ತೆಂದು ಈ ಚರಿತ್ರೆಯನ್ನು ಓದಿದ ಮೇಲೆ ತಿಳಿಯಿತು. ಮೇಷ್ಟರು ಮೂರು ತಿಂಗಳು ನರಳಿ ಹೋದರು.

ಅದೇ ಕಾಲಕ್ಕೆ, ನೆರೆಯ ಕೇರಳದಲ್ಲಿ ಬೇರೊಂದು ಬಗೆಯ ಕೆಲಸ ನಡೆದಿತ್ತು. 1993ರಲ್ಲಿ ಕ್ಯಾಲಿಕಟ್ ವೈದ್ಯಕೀಯ ಕಾಲೇಜಿನ ಆವರಣದಲ್ಲಿ ಡಾ. ಎಂ. ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮೊದಲಾದವರು ಸಂಘವೊಂದನ್ನು ಕಟ್ಟಿ, ನೋವಿನ ಚಿಕಿತ್ಸೆಗೆ ಹೊರರೋಗಿ ವಿಭಾಗ ತೆರೆದರು. ಇವರಿಬ್ಬರೂ ಅರಿವಳಿಕೆ ತಜ್ಞರು. ವೈದ್ಯರಿಂದ ಮಾತ್ರ ಈ ಕೆಲಸ ಸಾಗದೆಂದು ಕಂಡು ಊರೂರಿನ ಸಾಮಾನ್ಯ ಜನರಿಗೆ ತರಬೇತಿ ಕೊಟ್ಟರು. ಗಾಯ ತೊಳೆಯುವುದು, ಹಾಸಿಗೆ ಹುಣ್ಣಾಗದಂತೆ ಮಗ್ಗುಲು ಬದಲಿಸುವುದು, ಮಾರ್ಫಿನ್ ಜೊತೆಗೆ ತಪ್ಪದೆ ಮಲಬದ್ಧತೆಯ ಮದ್ದು ಕೊಡುವುದು, ರೋಗಿಯ ಮನೆಗೆ ಅಕ್ಕಿಯುಂಟೇ ಎಂದು ವಿಚಾರಿಸುವುದು, ಇವೆಲ್ಲವೂ ಅವರ ಪಾಲಿಗೆ ಚಿಕಿತ್ಸೆಯೇ. ಖರ್ಚಿಗೆ ಊರವರ ಚಿಲ್ಲರೆ ಕಾಣಿಕೆ. 2008ರಲ್ಲಿ ಕೇರಳ ಸರ್ಕಾರ ಇದನ್ನು ತನ್ನ ನೀತಿಯಾಗಿ ಒಪ್ಪಿ ಪಂಚಾಯತಿಗಳಿಗೆ ಹೊಣೆ ವಹಿಸಿತು. ಸಾಕ್ಷರತೆಯ ಚಳವಳಿ ನಡೆಸಿದ ನಾಡಿಗೆ ಇದು ಸಾಧ್ಯವಾದುದರಲ್ಲಿ ನನಗೆ ಆಶ್ಚರ್ಯವಿಲ್ಲ. ನಮಗೇಕೆ ಅಷ್ಟರ ಮಟ್ಟಿಗೆ ಸಾಧ್ಯವಾಗಲಿಲ್ಲ ಎಂಬ ಪ್ರಶ್ನೆ ಮಾತ್ರ ಉಂಟು.

ಬೆಂಗಳೂರಿನಲ್ಲಿ ಏನೂ ಆಗಲಿಲ್ಲವೆಂದಲ್ಲ. 1994ರಲ್ಲಿ ಸ್ಥಾಪನೆಯಾದ ಬೆಂಗಳೂರು ಹಾಸ್ಪೈಸ್ ಟ್ರಸ್ಟ್ 1999ರಲ್ಲಿ ಮಾರತ್‌ಹಳ್ಳಿಯ ಬಳಿ ಕರುಣಾಶ್ರಯವನ್ನು ತೆರೆಯಿತು. ಕಿದ್ವಾಯಿಯಂಥ ಆಸ್ಪತ್ರೆಗಳು ಇನ್ನು ಗುಣಪಡಿಸಲಾಗದು ಎಂದು ಹೇಳಿದವರಿಗೆ ಅಲ್ಲಿ ನೋವಿನ ಉಪಶಮನ, ಊಟ, ಶುಶ್ರೂಷೆ ಎಲ್ಲವೂ ಉಚಿತ. ಮನೆಗೇ ಹೋಗಿ ನೋಡುವ ತಂಡವೂ ಇದೆ. ಆದರೆ ಬೀದರಿನವರಿಗೂ ಚಾಮರಾಜನಗರದವರಿಗೂ ಬೆಂಗಳೂರು ದೂರ.

ಕಾನೂನಿನ ಗಂಟು ಸಡಿಲವಾಗಲು ಬಹಳ ಕಾಲ ಹಿಡಿಯಿತು. ನಿಯಮಗಳನ್ನು ಸರಳಗೊಳಿಸಿರೆಂದು ಕೇಂದ್ರ ಸರ್ಕಾರ 1998ರಲ್ಲಿಯೇ ರಾಜ್ಯಗಳಿಗೆ ಸೂಚಿಸಿತ್ತು. ಹಲವು ರಾಜ್ಯಗಳು ಕಡತವನ್ನು ಮೇಜಿನಿಂದ ಕದಲಿಸಲಿಲ್ಲ. 2007ರಲ್ಲಿ ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಕಡೆಗೆ 2014ರ ಫೆಬ್ರವರಿಯಲ್ಲಿ ಸಂಸತ್ತು ಕಾಯಿದೆಯನ್ನು ತಿದ್ದಿ, ಅತ್ಯಗತ್ಯ ಔಷಧಗಳಿಗೆ ದೇಶಕ್ಕೆಲ್ಲ ಒಂದೇ ನಿಯಮ ಮಾಡಲು ದಾರಿ ತೆರೆಯಿತು. 2015ರಲ್ಲಿ ಮಾರ್ಫಿನ್ ಸೇರಿ 6 ಮದ್ದುಗಳು ಆ ಪಟ್ಟಿಗೆ ಬಂದವು. ಹತ್ತು ಕಚೇರಿಗಳಿಗೆ ಅಲೆಯಬೇಕಿಲ್ಲ. ರಾಜ್ಯದ ಔಷಧ ನಿಯಂತ್ರಕರ ಒಂದು ಮಾನ್ಯತೆ ಸಾಕು.

ಅಮೆರಿಕದಲ್ಲಿ ಇದೇ ಜಾತಿಯ ಮಾತ್ರೆಗಳನ್ನು ಕಂಪನಿಗಳು ಸಿಕ್ಕಸಿಕ್ಕ ನೋವಿಗೆಲ್ಲ ಮಾರಿ, ಲಕ್ಷಾಂತರ ಜನ ಸತ್ತರಲ್ಲ ಎಂದು ಕೆಲವರು ಕೇಳುತ್ತಾರೆ. ನಿಜ, ಅದು ಘೋರವೇ. ಆದರೆ 2017ರಲ್ಲಿ ಲ್ಯಾನ್ಸೆಟ್ ಆಯೋಗ ಕೊಟ್ಟ ಲೆಕ್ಕವನ್ನು ನೋಡಿ. ಅಮೆರಿಕಕ್ಕೆ ಸಿಗುತ್ತಿದ್ದುದು ಅದರ ಅಗತ್ಯದ ಮೂವತ್ತು ಪಟ್ಟಿಗೂ ಹೆಚ್ಚು; ಭಾರತಕ್ಕೆ ಅಗತ್ಯದ ಶೇಕಡ 4 ಮಾತ್ರ. ಹೊಳೆಯಲ್ಲಿ ಮುಳುಗಿದವನ ಕಥೆ ಹೇಳಿ ಬಾಯಾರಿದವನಿಗೆ ನೀರು ಕೊಡದಿದ್ದಂತಾಯಿತು.

ಇನ್ನೊಂದು ತಪ್ಪು ಕಲ್ಪನೆಯೂ ಇದೆ. ಈ ಆರೈಕೆ ಎಂದರೆ ಕೈಚೆಲ್ಲಿದ ಮೇಲಿನ ಮಾತು, ಅದರ ಹೆಸರೆತ್ತಿದರೆ ರೋಗಿ ಎದೆಗುಂದುತ್ತಾನೆ ಎಂದು ಬಂಧುಗಳು ಹಿಂಜರಿಯುತ್ತಾರೆ. ಬಾಸ್ಟನ್ ನಗರದಲ್ಲಿ ಹಬ್ಬಿದ ಶ್ವಾಸಕೋಶದ ಕ್ಯಾನ್ಸರ್ ಇದ್ದ 151 ಮಂದಿಯ ಮೇಲೆ ನಡೆದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಚಿಕಿತ್ಸೆಯ ಜೊತೆಗೇ ಮೊದಲಿನಿಂದ ಉಪಶಾಮಕ ಆರೈಕೆ ಪಡೆದವರಲ್ಲಿ ಖಿನ್ನತೆ ಕಡಿಮೆ, ದಿನಗಳು ಹೆಚ್ಚು ಸಹನೀಯ. ಅವರು ಬದುಕಿದ ಮಧ್ಯಮ ಅವಧಿಯೂ 11.6 ತಿಂಗಳು, ಉಳಿದವರದು 8.9 ತಿಂಗಳು.

2019ರಲ್ಲಿ ಜಾರಿಗೆ ಬಂದ ಎಂ.ಬಿ.ಬಿ.ಎಸ್. ಪಠ್ಯಕ್ರಮದಲ್ಲಿ ನೋವಿನ ಚಿಕಿತ್ಸೆ ಮತ್ತು ಉಪಶಾಮಕ ಆರೈಕೆಯ ವಿಷಯಗಳು ಸೇರಿವೆ. ಮೇಷ್ಟರಾಗಿದ್ದವನಿಗೆ ಪಠ್ಯಕ್ರಮದ ಬಗ್ಗೆ ಸ್ವಲ್ಪ ಹೆಚ್ಚು ನಂಬಿಕೆ, ಸ್ವಲ್ಪ ಹೆಚ್ಚು ಅನುಮಾನ ಎರಡೂ ಇರುತ್ತವೆ. ಪಾಠದಲ್ಲಿದ್ದು ಪರೀಕ್ಷೆಗೆ ಬಾರದ್ದನ್ನು ಹುಡುಗರು ಓದುವುದಿಲ್ಲ. ಅದಕ್ಕೂ ಮುಂಚೆ ಕಲಿತು ಹೊರಬಂದ ವೈದ್ಯರೇ ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಇದ್ದಾರೆ. ಮನೆಯಲ್ಲಿ ಇಂಥ ರೋಗಿಯಿದ್ದರೆ, ಮಾರ್ಫಿನ್ ಇಡುವ ಮಾನ್ಯತೆ ಈ ಆಸ್ಪತ್ರೆಗೆ ಇದೆಯೇ, ಇಲ್ಲದಿದ್ದರೆ ಅರ್ಜಿ ಹಾಕಿದ್ದೀರಾ ಎಂದು ಅವರನ್ನು ಧಾರಾಳವಾಗಿ ಕೇಳಬಹುದು. ಈಗ ಜೋರಾಗಿಯೇ ಕೇಳಬಹುದು.